ವಂಕಿ ಹಾಕಿಸಿಕೊಂಡರೆ ಗರ್ಭಕೋಶಕ್ಕೆ ಸೋಂಕು ಬರುತ್ತದೆಯೇ? ತಿಳಿದವರು ಹೇಳಿ

ಸಿಂಧನೂರಿನ ಸೊಸೆ

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಎರಡನೆಯ ಮಗುವಿಗೆ ಎಂಟು ತಿಂಗಳು, ಇನ್ನೂ ಎದೆಹಾಲು ಕುಡಿಯುತ್ತದೆ. ಮುಟ್ಟು ಮತ್ತೆ ಶುರುವಾಗಿದೆ. ಉಪಕೇಂದ್ರದ ಸಿಸ್ಟರ್ ಕಾಪರ್ ಟಿ ಹಾಕಿಸಿಕೊಳ್ಳಿ ಎನ್ನುತ್ತಾರೆ, ಅದೇ ನಮ್ಮ ಕಡೆ ವಂಕಿ ಎನ್ನುವ, ಬಸಿರಾಗದಂತೆ ಗರ್ಭಕೋಶದೊಳಗೆ ಇಡುವ ಸಣ್ಣ ಸಾಧನ. ಅತ್ತೆ ಸುತರಾಂ ಒಪ್ಪುತ್ತಿಲ್ಲ. ಅವರ ತವರಿನ ಕಡೆ ಒಬ್ಬಾಕೆಗೆ ವಂಕಿ ಹಾಕಿಸಿದ ಮೇಲೆ ಜ್ವರ ಬಂದು, ಒಳಗೆ ಕೀವಾಗಿ, ಮುಂದೆ ಮಕ್ಕಳೇ ಆಗಲಿಲ್ಲವಂತೆ. ಎರಡಾಯಿತಲ್ಲ, ಆಪರೇಷನ್ ಮಾಡಿಸಿಬಿಡು ಎನ್ನುವುದು ಅವರ ಮಾತು. ನನಗೆ ಈ ವಯಸ್ಸಿಗೇ ಆಪರೇಷನ್ ಬೇಡ. ನಮ್ಮವರು ‘ನೀನು ಹೇಗೆ ಹೇಳಿದರೆ ಹಾಗೆ’ ಎಂದು ಜಾರಿಕೊಳ್ಳುತ್ತಾರೆ.

ಇನ್ನೊಂದು ಮಾತು. ನನಗೆ ಮೊದಲೇ ಬಿಳಿ ಸೆರಗು ಹೋಗುತ್ತಿದೆ, ಸ್ವಲ್ಪ ವಾಸನೆಯೂ ಇದೆ. ಸಿಸ್ಟರ್ ಹತ್ತಿರ ಇದನ್ನು ಹೇಳಿಲ್ಲ, ಅಲ್ಲಿ ಯಾವಾಗಲೂ ನಾಲ್ಕು ಜನ ಇರುತ್ತಾರೆ. ಹೀಗಿರುವಾಗ ವಂಕಿ ಹಾಕಿಸಬಹುದೇ? ಯಾವ ವಿಧಾನದಿಂದ ಸೋಂಕು ಬರುತ್ತದೆ, ಯಾವುದರಿಂದ ಬರುವುದಿಲ್ಲ?

ಮಾನ್ವಿಯ ಟೀಚರ್

ನಮ್ಮ ಅಕ್ಕನಿಗೆ ಹಾಕಿಸಿ ವರ್ಷಗಳೇ ಆದವು. ಮೊದಲ ಕೆಲವು ತಿಂಗಳು ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ ಇತ್ತು, ಆಮೇಲೆ ಏನೂ ಇಲ್ಲ. ಹೆದರಬೇಡಿ.

ಲಿಂಗಸುಗೂರಿನ ಹಿರಿಯ

ಟೀಚರ್ ಅವರೇ, ಒಬ್ಬರಿಗೆ ಒಗ್ಗಿತೆಂದು ಎಲ್ಲರಿಗೂ ಒಗ್ಗುತ್ತದೆಯೇ? ನಾವು ಚಿಕ್ಕವರಿದ್ದಾಗ ಸರ್ಕಾರದವರು ಊರೂರಿಗೆ ಬಂದು ಲೂಪ್ ಹಾಕುತ್ತಿದ್ದರು. ಹಾಕಿ ಹೋದವರು ತಿರುಗಿ ಬಂದು ವಿಚಾರಿಸಿದ್ದಿಲ್ಲ. ನಮ್ಮ ಓಣಿಯ ಹೆಣ್ಣುಮಕ್ಕಳು ರಕ್ತ ಹೋಗಿ ಹೋಗಿ ಬಿಳಿಚಿಕೊಂಡಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಆ ಅತ್ತೆ ಸುಮ್ಮನೆ ಹೇಳುತ್ತಿಲ್ಲ. ಮೈಯೊಳಗೆ ತಾಮ್ರ ಇಟ್ಟುಕೊಂಡರೆ ಮೈ ಸುಮ್ಮನಿರುತ್ತದೆಯೇ?

ನಿವೃತ್ತ ಸಿಸ್ಟರ್, ಕೊಪ್ಪಳ

ಹಿರಿಯರು ಹೇಳಿದ್ದರಲ್ಲಿ ಅರ್ಧ ನಿಜ. 1965ರಲ್ಲಿ ದೇಶದ ಕುಟುಂಬ ಯೋಜನೆಗೆ ಬಂದ ಲಿಪ್ಪೀಸ್ ಲೂಪ್‌ನಲ್ಲಿ ತಾಮ್ರವೇ ಇರಲಿಲ್ಲ, ಅದು ಬರೀ ಪ್ಲಾಸ್ಟಿಕ್. ರಕ್ತಸ್ರಾವದ ದೂರು ಬಂದವು, ಹಾಕಿಸಿಕೊಂಡವರನ್ನು ಮತ್ತೆ ನೋಡುವ ವ್ಯವಸ್ಥೆ ಇರಲಿಲ್ಲ, ಜನರಿಗೆ ನಂಬಿಕೆ ಹೋಯಿತು. ಅದು ಸರ್ಕಾರದ ತಪ್ಪೇ, ಒಪ್ಪುತ್ತೇನೆ. ಆದರೆ ಅಂದಿನ ಲೂಪಿನ ಲೆಕ್ಕವನ್ನು ಇಂದಿನ ಕಾಪರ್ ಟಿ ತಲೆಗೆ ಕಟ್ಟುವುದು ಸರಿಯಲ್ಲ.

ವಂಕಿಗೆ ಕೆಟ್ಟ ಹೆಸರು ಬರಲು ಇನ್ನೊಂದು ಕಾರಣ ಅಮೆರಿಕದಲ್ಲಿದೆ. 1971ರಿಂದ 1974ರವರೆಗೆ ಅಲ್ಲಿ ಡಾಲ್ಕನ್ ಶೀಲ್ಡ್ ಎಂಬ ಸಾಧನ ಮಾರಾಟವಾಯಿತು. ಅದರ ಬಾಲದ ದಾರ ನೂರಾರು ಸಣ್ಣ ಎಳೆಗಳನ್ನು ಒಂದು ಕೊಳವೆಯಲ್ಲಿ ತುಂಬಿದ್ದು. ದೀಪದ ಬತ್ತಿ ಎಣ್ಣೆ ಹೀರುವಂತೆ ಅದು ಯೋನಿಯ ರೋಗಾಣುಗಳನ್ನು ಗರ್ಭಕೋಶಕ್ಕೆ ಎಳೆದೊಯ್ಯುತ್ತಿತ್ತು. ಸಾವಿರಾರು ಹೆಂಗಸರು ಕೋರ್ಟಿಗೆ ಹೋದರು, ಕಂಪನಿ ದಿವಾಳಿಯಾಯಿತು. ಈಗಿನ ಕಾಪರ್ ಟಿ ದಾರ ಒಂದೇ ಗಟ್ಟಿ ಎಳೆಯದು, ಒಳಗೆ ಟೊಳ್ಳಿಲ್ಲ.

ಇನ್ನು ಸೋಂಕು ಯಾವಾಗ ಬರುತ್ತದೆ ಎಂಬ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಲ್ಲಿ 22,000ಕ್ಕೂ ಹೆಚ್ಚು ವಂಕಿ ಅಳವಡಿಕೆಗಳನ್ನು ಗಮನಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿತು. ಹಾಕಿದ ಮೊದಲ 20 ದಿನಗಳಲ್ಲಿ ಸೋಂಕಿನ ಅಪಾಯ ಆಮೇಲಿನದಕ್ಕಿಂತ ಆರು ಪಟ್ಟಿಗೂ ಹೆಚ್ಚು. ಆ ದಿನಗಳು ಕಳೆದ ಮೇಲೆ ಸಾವಿರ ಹೆಂಗಸರು ಒಂದು ವರ್ಷ ಬಳಸಿದರೆ ಒಬ್ಬರಿಗೋ ಇಬ್ಬರಿಗೋ ಬರುತ್ತದೆ, ವರ್ಷ ಎಷ್ಟಾದರೂ ಅಷ್ಟೇ. ಅಂದರೆ ತಾಮ್ರ ಒಳಗಿರುವುದು ತೊಂದರೆಯಲ್ಲ. ಹಾಕುವಾಗ ಕೆಳಗಿದ್ದ ರೋಗಾಣು ಮೇಲೆ ಹೋಗುವುದು ತೊಂದರೆ.

ಆದ್ದರಿಂದ ಹಾಕುವವರ ಕೈ ಮುಖ್ಯ. ಸರಿಯಾಗಿ ಹಾಕುವವರು ಏನು ಮಾಡುತ್ತಾರೆ ಎಂದು ಹೇಳುತ್ತೇನೆ, ನೀವು ಮಲಗಿರುವಾಗ ಗಮನಿಸಬಹುದು. ಮೊದಲು ಹೊಟ್ಟೆ ಒತ್ತಿ ನೋಡುತ್ತಾರೆ. ಆಮೇಲೆ ಯೋನಿ ಅಗಲಿಸುವ ಸ್ಪೆಕ್ಯುಲಮ್ ಎಂಬ ಉಪಕರಣ ಇಟ್ಟು, ಟಾರ್ಚ್ ಬಿಟ್ಟು ಗರ್ಭಕಂಠ, ಅಂದರೆ ಗರ್ಭಕೋಶದ ಬಾಯಿ ನೋಡುತ್ತಾರೆ. ಅಲ್ಲಿಂದ ಹಳದಿ ಕೀವಿನಂಥದ್ದು ಇಳಿಯುತ್ತಿದ್ದರೆ, ಮುಟ್ಟಿದ ಕೂಡಲೇ ರಕ್ತ ಬಂದರೆ, ಬೆರಳಿನಿಂದ ಗರ್ಭಕಂಠ ಅಲುಗಿಸಿದಾಗ ನೀವು ನೋವಿನಿಂದ ಮೇಲೆದ್ದರೆ, ಅವತ್ತು ಹಾಕುವಂತಿಲ್ಲ. ಎಲ್ಲ ಸರಿಯಿದ್ದರೆ ಕಂದು ಬಣ್ಣದ ಅಯೋಡಿನ್ ದ್ರಾವಣದಿಂದ ಒರೆಸಿ, ಗರ್ಭಕೋಶದ ಆಳ ಅಳೆದು, ಕಾಪರ್ ಟಿಯ ಎರಡು ತೋಳುಗಳನ್ನು ಪ್ಯಾಕೆಟ್ ಪೂರ್ತಿ ಹರಿಯದೆ ಹೊರಗಿನಿಂದಲೇ ಬೆರಳಲ್ಲಿ ಮಡಿಸಿ ಕೊಳವೆಯೊಳಗೆ ಸೇರಿಸುತ್ತಾರೆ. ಸಾಧನಕ್ಕೆ ಕೈ ತಾಗಬಾರದು, ಕೊಳವೆ ಯೋನಿಯ ಗೋಡೆಗೆ ತಾಗದೆ ನೇರ ಒಳಗೆ ಹೋಗಬೇಕು. ಸೇವೆಯಲ್ಲಿದ್ದಾಗ ನಾನು ಹೊಸ ಹುಡುಗಿಯರಿಗೆ ಬೈದದ್ದೆಲ್ಲ ಈ ಒಂದು ವಿಷಯಕ್ಕೆ. ಪ್ಯಾಕೆಟ್ ಪೂರ್ತಿ ಬಿಚ್ಚಿ ಟ್ರೇನಲ್ಲಿ ಇಟ್ಟರೆ ಅದನ್ನು ಎಸೆದು ಹೊಸದು ತರಿಸುತ್ತಿದ್ದೆ.

ತಂಗಿ, ವಾಸನೆಯ ಬಿಳಿ ಸೆರಗು ಇದೆ ಎಂದೆಯಲ್ಲ. ಅದನ್ನು ಹೇಳದೆ ವಂಕಿ ಹಾಕಿಸಿಕೊಳ್ಳಬೇಡ. ಅತ್ತೆಯ ತವರಿನ ಹೆಣ್ಣುಮಗಳಿಗೆ ಆದದ್ದೂ ಹೀಗೆಯೇ ಇರಬಹುದು.

ಮಾನ್ವಿಯ ಟೀಚರ್

ನಾಲ್ಕು ಜನರ ಎದುರು ಹೇಳಲು ಆಗದಿದ್ದರೆ ಒಂದು ಚೀಟಿಯಲ್ಲಿ ಬರೆದು ಸಿಸ್ಟರ್ ಕೈಗೆ ಕೊಡಿ. ನಮ್ಮ ಶಾಲೆಯ ಹುಡುಗಿಯರು ಹಾಗೆಯೇ ಮಾಡುತ್ತಾರೆ.

ಗಂಗಾವತಿ ಕಡೆಯವಳು

ಬಿಳಿ ಸೆರಗಿಗೆ ಅಕ್ಕಚ್ಚಿಗೆ ಮೆಂತ್ಯ ಹಾಕಿ ಕುಡಿಯಿರಿ, ಉಷ್ಣಕ್ಕೆ ಹಾಗಾಗುತ್ತದೆ. ನಾಟಿ ಮಾಡುವಾಗ ನೀರಲ್ಲಿ ನಿಂತು ನಿಂತು ನಮ್ಮಲ್ಲಿ ಎಲ್ಲರಿಗೂ ಇದೆ. ಪಟಿಕದ ನೀರಿನಲ್ಲಿ ಒಳಗೆ ತೊಳೆದುಕೊಂಡರೂ ಕಡಿಮೆಯಾಗುತ್ತದೆ.

ಸ್ತ್ರೀರೋಗ ವೈದ್ಯೆ, ಬಳ್ಳಾರಿ

ಅಕ್ಕಚ್ಚು ಕುಡಿಯಲು ನನ್ನದೇನೂ ಅಡ್ಡಿಯಿಲ್ಲ. ಪಟಿಕ, ಡೆಟಾಲ್, ಸೋಪಿನ ನೀರು ಒಳಗೆ ಹಾಕಿ ತೊಳೆಯುವುದನ್ನು ಮಾತ್ರ ದಯವಿಟ್ಟು ಇಂದೇ ನಿಲ್ಲಿಸಿ. ಯೋನಿಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳಿವೆ, ಅವು ಆಮ್ಲ ಹುಟ್ಟಿಸಿ ಕೆಟ್ಟವನ್ನು ದೂರವಿಡುತ್ತವೆ. ತೊಳೆದರೆ ಸಾಯುವುದು ಅವೇ ಮೊದಲು. ಹೊರಗೆ ಬರೀ ನೀರಿನಲ್ಲಿ ತೊಳೆದರೆ ಸಾಕು.

ಬಿಳಿ ಹೋಗುವುದೆಲ್ಲ ರೋಗವಲ್ಲ. ಮುಟ್ಟಿನ ನಡುವಿನ ದಿನಗಳಲ್ಲಿ ಮೊಟ್ಟೆಯ ಲೋಳೆಯಂತೆ ಎಳೆಯಾಗಿ ಬರುವುದು, ವಾಸನೆ, ತುರಿಕೆ ಇಲ್ಲದಿರುವುದು ಸಹಜ. ಮೀನಿನ ವಾಸನೆ, ಮೊಸರಿನ ಗಟ್ಟಿಯಂಥದ್ದು ಮತ್ತು ತುರಿಕೆ, ಹಸಿರು ಮಿಶ್ರಿತ ಹಳದಿ ನೊರೆ, ಇವು ಯೋನಿಯ ಸೋಂಕು. ಇವುಗಳಿಗೆ ಮಾತ್ರೆ ಇದೆ, ಬೇಗ ವಾಸಿಯಾಗುತ್ತವೆ. ಗರ್ಭಕಂಠದ ಬಾಗಿಲು ದಾಟಿ ಗರ್ಭಕೋಶ, ಅಂಡನಾಳಗಳವರೆಗೆ ಏರಿದರೆ ಅದು ಕಿಬ್ಬೊಟ್ಟೆಯ ಸೋಂಕು, ನಾವು ಪಿಐಡಿ ಎನ್ನುತ್ತೇವೆ. ಏರುವ ಮುಖ್ಯ ರೋಗಾಣುಗಳು ಗೊನೊರಿಯಾ ಮತ್ತು ಕ್ಲಮೈಡಿಯಾ, ಎರಡೂ ಲೈಂಗಿಕ ಸಂಪರ್ಕದಿಂದ ಬರುವಂಥವು. ಅವುಗಳ ಜೊತೆ ಯೋನಿಯಲ್ಲೇ ಇರುವ ಬೇರೆ ಬ್ಯಾಕ್ಟೀರಿಯಾಗಳೂ ಸೇರಿಕೊಳ್ಳುತ್ತವೆ. ಹೆರಿಗೆ, ಗರ್ಭಪಾತದ ಸಮಯದಲ್ಲಿ ಅಶುದ್ಧ ಉಪಕರಣದಿಂದಲೂ ಆಗುತ್ತದೆ. ಕದ್ದುಮುಚ್ಚಿ ಮಾಡಿಸಿದ ಗರ್ಭಪಾತದಿಂದ ಕೀವು ತುಂಬಿ ಬಂದವರನ್ನು ನೋಡಿದರೆ ಕಾಪರ್ ಟಿಗೆ ಹೆದರುವುದು ವಿಚಿತ್ರ ಎನಿಸುತ್ತದೆ.

ಇದರ ಕಷ್ಟವೆಂದರೆ ಕ್ಲಮೈಡಿಯಾ ಬಹುತೇಕ ಸದ್ದಿಲ್ಲದೆ ಇರುತ್ತದೆ. ನೋವು ಬಂದರೂ ಸೊಂಟ ನೋವೆಂದು ಹೆಂಗಸರು ಕಳೆ ಕೀಳುತ್ತಲೇ ಇರುತ್ತಾರೆ. ಅಷ್ಟರಲ್ಲಿ ಅಂಡನಾಳದ ಒಳಗೆ ಗಾಯ ಮಾಯ್ದು ಅಂಟಿಕೊಳ್ಳುತ್ತದೆ. ಸ್ವೀಡನ್ನಿನಲ್ಲಿ ಇಂಥ ಹೆಂಗಸರನ್ನು ದೀರ್ಘಕಾಲ ಗಮನಿಸಿದಾಗ, ಒಮ್ಮೆ ಸೋಂಕಾದವರಲ್ಲಿ ಶೇ. 8ರಷ್ಟು, ಎರಡು ಸಲ ಆದವರಲ್ಲಿ ಸುಮಾರು ಶೇ. 20, ಮೂರು ಅಥವಾ ಹೆಚ್ಚು ಸಲ ಆದವರಲ್ಲಿ ಶೇ. 40ರಷ್ಟು ಮಂದಿಗೆ ನಾಳ ಮುಚ್ಚಿ ಬಂಜೆತನ ಬಂದಿತ್ತು. ನಮ್ಮ ದೇಶದಲ್ಲಿ ಇದರ ಜೊತೆಗೆ ಕ್ಷಯವನ್ನೂ ನೆನಪಿಡಬೇಕು. ಶ್ವಾಸಕೋಶದಿಂದ ರಕ್ತದ ಮೂಲಕ ಅಂಡನಾಳಕ್ಕೆ ಬರುವ ಕ್ಷಯ ಜ್ವರವಿಲ್ಲದೆಯೇ ನಾಳ ಮುಚ್ಚುತ್ತದೆ. ಅದಕ್ಕೂ ವಂಕಿಗೂ ಏನೇನೂ ಸಂಬಂಧವಿಲ್ಲ, ಆದರೆ ಬೈಗುಳ ವಂಕಿಗೇ ಬೀಳುತ್ತದೆ.

ಈಗ ವಿಧಾನಗಳು. ಸೋಂಕು ತಡೆಯುವುದು ನಿಜವಾಗಿ ಕಾಂಡೋಮ್ ಒಂದೇ. ಮಾಲಾ-ಎನ್ ಥರದ ಗುಳಿಗೆ ಮತ್ತು ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಗರ್ಭಕಂಠದ ಲೋಳೆಯನ್ನು ದಪ್ಪ ಮಾಡುತ್ತವೆ. ಗುಳಿಗೆ ನುಂಗುವವರಲ್ಲಿ ತೀವ್ರ ಕಿಬ್ಬೊಟ್ಟೆ ಸೋಂಕು ಕಡಿಮೆ ಕಂಡಿದೆ, ಆದರೆ ರೋಗಾಣು ತಗಲುವುದನ್ನೇ ಅವು ತಡೆಯುವುದಿಲ್ಲ. ಆಪರೇಷನ್ ಆದವರಲ್ಲಿ ನಾಳಕ್ಕೆ ಕಟ್ಟು ಬಿದ್ದಿರುವುದರಿಂದ ರೋಗಾಣು ಮೇಲೇರುವುದು ಅಪರೂಪ. ಹಾಗೆಂದು ಆಪರೇಷನ್ ಬಿಳಿ ಸೆರಗಿಗೆ ಔಷಧವಲ್ಲ, ಗರ್ಭಕಂಠಕ್ಕೆ ಸೋಂಕು ಆಗಲೂ ತಗಲಬಹುದು.

ಗಂಗಾವತಿ ಕಡೆಯವಳು

ಡಾಕ್ಟರಮ್ಮ, ತೊಳೆಯುವುದು ಇಷ್ಟು ಕೆಟ್ಟದ್ದೆಂದು ನಮಗೆ ಯಾರೂ ಹೇಳಿರಲಿಲ್ಲ. ಆಪರೇಷನ್ ಮಾತು ಬಂತಲ್ಲ, ನನ್ನದೂ ಹೇಳುತ್ತೇನೆ. ಎರಡನೆಯ ಹೆರಿಗೆ ಆದ ಕೂಡಲೇ ನನಗೆ ಆಪರೇಷನ್ ಮಾಡಿಸಿದರು. ಆಮೇಲೂ ಬಿಳಿ ಹೋಗುವುದು, ಕಿಬ್ಬೊಟ್ಟೆ ನೋವು. ಒಂದು ಖಾಸಗಿ ಆಸ್ಪತ್ರೆಗೆ ಹೋದರೆ ಸ್ಕ್ಯಾನ್ ಮಾಡಿ, ಗರ್ಭಕೋಶದಲ್ಲಿ ಬಾವು ಇದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ತೆಗೆಸಿಬಿಡಿ ಎಂದರು. ಮಕ್ಕಳಾದವಲ್ಲ, ಇನ್ನು ಗರ್ಭಕೋಶ ಯಾಕೆ ಎಂದು ನಮ್ಮ ಮನೆಯಲ್ಲೂ ಹೇಳಿದರು. ಹಣ ಹೊಂದಿಸಲು ಎಮ್ಮೆ ಮಾರುವ ಮಾತಾಗಿತ್ತು. ಊರಿನ ಆಶಾ ಕಾರ್ಯಕರ್ತೆ ನಿಲ್ಲಿಸಿ, ಇನ್ನೊಂದು ಕಡೆ ತೋರಿಸಿ ಎಂದು ಕರೆದುಕೊಂಡು ಹೋದಳು. ಅಲ್ಲಿ ಗಂಡ ಹೆಂಡತಿ ಇಬ್ಬರಿಗೂ ಮಾತ್ರೆ ಕೊಟ್ಟರು. ಕಡಿಮೆಯಾಯಿತು. ಎಮ್ಮೆ ಇನ್ನೂ ಮನೆಯಲ್ಲೇ ಇದೆ.

ಸ್ತ್ರೀರೋಗ ವೈದ್ಯೆ, ಬಳ್ಳಾರಿ

ಆ ಆಶಾ ಕಾರ್ಯಕರ್ತೆಗೆ ನನ್ನ ನಮಸ್ಕಾರ ಹೇಳಿ. ನಮ್ಮ ಈ ಮೂರು ಜಿಲ್ಲೆಗಳಲ್ಲಿ ನನಗೆ ವಂಕಿಗಿಂತ ದೊಡ್ಡ ಚಿಂತೆ ಇದೇ. ಮೂವತ್ತು ದಾಟದ ಹೆಣ್ಣುಮಕ್ಕಳು ಬಿಳಿ ಸೆರಗಿಗೆಂದು ಗರ್ಭಕೋಶ ತೆಗೆಸಿಕೊಂಡು ಬರುತ್ತಾರೆ. ಬಿಳಿ ಸೆರಗು ಗರ್ಭಕೋಶ ತೆಗೆಯಲು ಕಾರಣವೇ ಅಲ್ಲ. ಬಿಟ್ಟರೆ ಕ್ಯಾನ್ಸರ್ ಎಂದು ಹೆದರಿಸುವುದೂ ತಪ್ಪು. ಗರ್ಭಕಂಠದ ಕ್ಯಾನ್ಸರಿಗೆ ಬೇರೆಯೇ ತಪಾಸಣೆ ಇದೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಅವತ್ತಿನಿಂದಲೇ ಮುಟ್ಟು ನಿಂತವರ ತೊಂದರೆಗಳೆಲ್ಲ ಶುರು: ಮೈ ಬಿಸಿ, ಮೂಳೆ ಸವೆತ. ಅಂಡಾಶಯ ಉಳಿಸಿದರೂ ಅದು ಬೇಗ ಸೊರಗಬಹುದು. ಹಾಗೆ ಹೇಳುವವರು ಸಿಕ್ಕರೆ ಎರಡನೆಯ ವೈದ್ಯರ ಅಭಿಪ್ರಾಯ ಕೇಳದೆ ಮುಂಗಡ ಕಟ್ಟಬೇಡಿ.

ಸಂಡೂರಿನ ಹುಡುಗ

ಒಂದು ಅನುಮಾನ, ಬೇಸರ ಮಾಡಿಕೊಳ್ಳಬೇಡಿ. ರೋಗ ಹೆಂಡತಿಗೆ ಬಂದರೆ ಗಂಡ ಯಾಕೆ ಮಾತ್ರೆ ನುಂಗಬೇಕು? ಅವನಿಗೆ ಏನೂ ಆಗಿರುವುದಿಲ್ಲವಲ್ಲ?

ನಿವೃತ್ತ ಸಿಸ್ಟರ್, ಕೊಪ್ಪಳ

ತಮ್ಮಾ, ಏನೂ ಆಗಿಲ್ಲ ಎಂದು ಅವನಿಗೆ ಹೇಗೆ ಗೊತ್ತು? ಮೂತ್ರ ಉರಿದರೆ ಎಳನೀರು ಕುಡಿದು ಸುಮ್ಮನಾಗುವವರು ಎಷ್ಟು ಜನ! ಗಂಡಸಿನಲ್ಲೂ ಕ್ಲಮೈಡಿಯಾ ಲಕ್ಷಣವಿಲ್ಲದೆ ಇರಬಲ್ಲದು. ಹೆಂಡತಿ ಒಬ್ಬಳೇ ಮಾತ್ರೆ ತೆಗೆದುಕೊಂಡು ವಾಸಿಯಾದರೆ, ಮುಂದಿನ ವಾರ ಅವನಿಂದ ಮತ್ತೆ ಬರುತ್ತದೆ. ಇಬ್ಬರೂ ಮುಗಿಸುವವರೆಗೆ ದೂರ ಇರಬೇಕು, ಇಲ್ಲದಿದ್ದರೆ ಕಾಂಡೋಮ್ ಬಳಸಬೇಕು. ನಮ್ಮ ಕಡೆಯಿಂದ ಬೆಂಗಳೂರಿಗೆ, ಗೋವಾಕ್ಕೆ ಗುಳೆ ಹೋಗಿ ತಿಂಗಳುಗಟ್ಟಲೆ ಹೊರಗಿರುವವರು ಬಹಳ. ಯಾರ ನಡತೆಯನ್ನೂ ನಾನು ಎತ್ತಿ ಆಡುತ್ತಿಲ್ಲ. ಊರಿಗೆ ಬಂದಾಗ ಒಮ್ಮೆ ತೋರಿಸಿಕೊಳ್ಳಲು ಏನು ಕಷ್ಟ?

ಮಾತು ಬಂತೆಂದು ಹೇಳುತ್ತೇನೆ. ಆಪರೇಷನ್ ಆಗಲೇಬೇಕು ಎನ್ನುವವರು ಗಂಡಸರ ಆಪರೇಷನ್ ಹೆಸರು ಎತ್ತುವುದಿಲ್ಲ. ಅದಕ್ಕೆ ಹೊಟ್ಟೆ ತೆರೆಯಬೇಕಿಲ್ಲ, ಬ್ಲೇಡ್ ಇಲ್ಲದೆ ಒಂದು ಸಣ್ಣ ರಂಧ್ರದಲ್ಲಿ ಮುಗಿಯುತ್ತದೆ, ಅದೇ ದಿನ ಮನೆಗೆ ಹೋಗಬಹುದು. ಮೂರು ತಿಂಗಳು ಕಾಂಡೋಮ್ ಬಳಸಿ ವೀರ್ಯ ಪರೀಕ್ಷೆ ಮಾಡಿಸಬೇಕು, ಅಷ್ಟೇ. ನಮ್ಮಲ್ಲಿ ಮಾಡಿಸಿಕೊಂಡ ಗಂಡಸರನ್ನು ಬೆರಳಲ್ಲಿ ಎಣಿಸಬಹುದು.

ಲಿಂಗಸುಗೂರಿನ ಹಿರಿಯ

ಸಿಸ್ಟರ್ ಅವರೇ, ನೀವು ಹೇಳುವುದು ಸರಿ, ಆದರೆ ಹೊಲದ ಕೆಲಸ ಮಾಡುವ ಗಂಡಸಿಗೆ ಶಕ್ತಿ ಹೋಗುತ್ತದೆ ಎಂಬ ಹೆದರಿಕೆ ಇರುತ್ತದೆ.

ನಿವೃತ್ತ ಸಿಸ್ಟರ್, ಕೊಪ್ಪಳ

ಹೊಲದ ಕೆಲಸ ಹೆಂಗಸು ಮಾಡುವುದಿಲ್ಲವೇ ಅಣ್ಣ? ಶಕ್ತಿ ಎಲ್ಲೂ ಹೋಗುವುದಿಲ್ಲ.

ಲಿಂಗಸುಗೂರಿನ ಹಿರಿಯ

ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಒಂದು ಹಳೆಯ ಸಂಗತಿ ಮಾತ್ರ ಹೇಳಿಬಿಡುತ್ತೇನೆ. 1930ರಲ್ಲೇ ಮೈಸೂರು ಸಂಸ್ಥಾನದವರು ಸರ್ಕಾರದಿಂದಲೇ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದಿದ್ದರು. ಆಗ ನಮ್ಮ ರಾಯಚೂರು, ಕೊಪ್ಪಳ ನಿಜಾಮರ ಕೆಳಗೆ, ಬಳ್ಳಾರಿ ಮದ್ರಾಸಿನ ಕೆಳಗೆ. ನಮಗೆ ಎಲ್ಲವೂ ತಡವಾಗಿ ಬಂತು, ಬಂದಾಗ ಗುರಿಯ ಲೆಕ್ಕ ತುಂಬಿಸುವವರ ಕೈಯಲ್ಲಿ ಬಂತು. ಹೆದರಿಕೆ ಹುಟ್ಟಿದ್ದು ಹಾಗೆ.

ಸಿಂಧನೂರಿನ ಸೊಸೆ

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಎಲ್ಲರಿಗೂ ಋಣಿ. ಡಾಕ್ಟರೇ, ಇನ್ನೆರಡು ಪ್ರಶ್ನೆ. ಬಸುರಿಯಾಗಿದ್ದಾಗ ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಕಾಪರ್ ಟಿಯಿಂದ ರಕ್ತ ಜಾಸ್ತಿ ಹೋಗುತ್ತದಂತೆ. ಮತ್ತೆ, ಹಾಕಿಸಿದ ಮೇಲೆ ಅಕಸ್ಮಾತ್ ಸೋಂಕು ಬಂದರೆ ತಕ್ಷಣ ತೆಗೆಸಬೇಕೇ?

ಸ್ತ್ರೀರೋಗ ವೈದ್ಯೆ, ಬಳ್ಳಾರಿ

ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ತೀರಾ ಕಡಿಮೆಯಿದ್ದರೆ ಮೊದಲು ಅದನ್ನು ಸರಿಪಡಿಸಿ, ಅಷ್ಟರವರೆಗೆ ಬೇರೆ ವಿಧಾನ ಬಳಸಿ. ಎದೆಹಾಲು ಕುಡಿಸುತ್ತಿದ್ದೀರಿ, ಛಾಯಾ ಗುಳಿಗೆ ತೆಗೆದುಕೊಳ್ಳಬಹುದು, ಅದರಲ್ಲಿ ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದದ್ದು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅಂತರಾ ಕೂಡ ಆಗುತ್ತದೆ. ಅದರಲ್ಲಿ ಮುಟ್ಟು ಏರುಪೇರಾಗುತ್ತದೆ, ನಿಲ್ಲಿಸಿದ ಮೇಲೆ ಮತ್ತೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗುತ್ತದೆ. ಇದನ್ನು ಮೊದಲೇ ಹೇಳದೆ ಚುಚ್ಚಿದರೆ ಜನ ಗಾಬರಿಯಾಗುತ್ತಾರೆ.

ಎರಡನೆಯದು. ಸೋಂಕು ಬಂದರೆ ಕೂಡಲೇ ತೆಗೆಯಬೇಕಿಲ್ಲ. ವಂಕಿ ಒಳಗಿದ್ದಾಗಲೇ ಮಾತ್ರೆ ಶುರು ಮಾಡಿ ಎರಡು ಮೂರು ದಿನ ನೋಡುತ್ತೇವೆ. ಜ್ವರ, ನೋವು ಇಳಿಯುತ್ತಿದ್ದರೆ ಹಾಗೆಯೇ ಬಿಟ್ಟು ಮಾತ್ರೆಗಳನ್ನು ಪೂರ್ತಿ ಹದಿನಾಲ್ಕು ದಿನ ಮುಗಿಸಬೇಕು. ನೋವು ಹೋಯಿತೆಂದು ಐದನೆಯ ದಿನ ನಿಲ್ಲಿಸುವವರೇ ಮತ್ತೆ ಬರುವವರು. ಇಳಿಯದಿದ್ದರೆ ಆಗ ತೆಗೆಯುತ್ತೇವೆ.

ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ. ವಂಕಿ ಇದ್ದಾಗಲೋ ಆಪರೇಷನ್ ಆದ ಮೇಲೋ ಮುಟ್ಟು ತಪ್ಪಿ, ಕಿಬ್ಬೊಟ್ಟೆಯ ಒಂದು ಬದಿಗೆ ಜೋರು ನೋವು ಬಂದು, ತಲೆ ಸುತ್ತಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಈ ಎರಡೂ ಗರ್ಭ ತಡೆಯುವುದರಲ್ಲಿ ಬಹಳ ಗಟ್ಟಿ, ಆದರೆ ಅಪರೂಪಕ್ಕೆ ತಪ್ಪಿ ಗರ್ಭ ನಿಂತರೆ ಅದು ನಾಳದಲ್ಲೇ ನಿಂತಿರುವ ಸಾಧ್ಯತೆ ಹೆಚ್ಚು. ನಾಳ ಒಡೆದರೆ ಜೀವಕ್ಕೇ ಅಪಾಯ.

ಮಾನ್ವಿಯ ಟೀಚರ್

ಎಲ್ಲಿಗೆ ಹೋಗಬೇಕು ಎಂದು ಯಾರೂ ಹೇಳಲಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಇಂಥ ಸೋಂಕುಗಳಿಗೆ ಚಿಕಿತ್ಸೆ ಕೊಡುವ ಸುರಕ್ಷಾ ಕ್ಲಿನಿಕ್ ಇರುತ್ತದೆ. ಅದು ಏಡ್ಸ್ ಕೊಠಡಿ ಎಂದು ಜನ ಆ ಕಡೆ ತಲೆ ಹಾಕುವುದಿಲ್ಲ, ಆದರೆ ಅಲ್ಲಿ ಬಾಗಿಲು ಹಾಕಿಕೊಂಡು ಮಾತನಾಡುತ್ತಾರೆ, ಔಷಧ ಉಚಿತ.

ನಿವೃತ್ತ ಸಿಸ್ಟರ್, ಕೊಪ್ಪಳ

ಟೀಚರ್ ಹೇಳಿದ್ದು ಸರಿ. ಔಷಧವೂ ಬಣ್ಣದ ಕಿಟ್‌ಗಳಲ್ಲಿ ಬರುತ್ತದೆ. ಯೋನಿಯ ಸೋಂಕಿಗೆ ಹಸಿರು, ಗರ್ಭಕಂಠದ್ದಕ್ಕೆ ಬೂದು, ಕಿಬ್ಬೊಟ್ಟೆ ನೋವಿಗೆ ಹಳದಿ. ಪಕ್ಕದ ಮನೆಯವಳಿಗೆ ಕೊಟ್ಟ ಕಿಟ್‌ನಲ್ಲಿ ಉಳಿದ ಮಾತ್ರೆ ನುಂಗುವುದು ನಮ್ಮ ಕಡೆ ಒಂದು ರೂಢಿ. ಬಣ್ಣ ಬೇರೆ, ರೋಗ ಬೇರೆ. ಹಾಗೆ ಮಾಡಬೇಡಿ.

ಸಿಂಧನೂರಿನ ಸೊಸೆ

ತಡವಾಗಿ ಬರೆಯುತ್ತಿದ್ದೇನೆ, ಮಗುವಿಗೆ ಶೀತವಾಗಿತ್ತು. ಟೀಚರ್ ಹೇಳಿದಂತೆ ಚೀಟಿ ಬರೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದೆ. ಲೇಡಿ ಡಾಕ್ಟರ್ ಒಳಗೆ ನೋಡಿ, ಗರ್ಭಕಂಠ ಚೆನ್ನಾಗಿದೆ, ಇದು ಯೋನಿಯ ಸೋಂಕು ಅಷ್ಟೇ ಎಂದು ಹಸಿರು ಕಿಟ್ ಕೊಟ್ಟರು. ಹಿಮೋಗ್ಲೋಬಿನ್ 10 ಬಂತು. ಮುಂದಿನ ಮುಟ್ಟು ಮುಗಿದ ಮೇಲೆ ಬನ್ನಿ, ಮತ್ತೊಮ್ಮೆ ನೋಡಿ ಕಾಪರ್ ಟಿ ಹಾಕುತ್ತೇನೆ, ಅಲ್ಲಿಯವರೆಗೆ ಕಾಂಡೋಮ್ ಬಳಸಿ, ಕಬ್ಬಿಣದ ಮಾತ್ರೆ ತಪ್ಪಿಸಬೇಡಿ ಎಂದರು. ಅತ್ತೆಯೂ ಜೊತೆಗೆ ಬಂದಿದ್ದರು. ಡಾಕ್ಟರ್ ಪ್ಯಾಕೆಟ್ ತೋರಿಸಿದಾಗ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ‘ಇಷ್ಟೇ ಏನು?’ ಎಂದರು. ಒಪ್ಪಿಗೆ ಎಂದೇನೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ. ನಮ್ಮವರು ಕಾಂಡೋಮ್ ತರಲು ಊರಿನ ಅಂಗಡಿಗೆ ಹೋಗದೆ ಸಿಂಧನೂರು ಬಸ್ ನಿಲ್ದಾಣದವರೆಗೆ ಹೋಗಿ ಬಂದರು!

ಹಾಕಿಸಿಕೊಳ್ಳುವ ದಿನ ನಾನು ಏನು ನೆನಪಿಡಬೇಕು?

ನಿವೃತ್ತ ಸಿಸ್ಟರ್, ಕೊಪ್ಪಳ

ಆಶಾ ಕಾರ್ಯಕರ್ತೆಯನ್ನು ಕೇಳಿದ್ದರೆ ಕಾಂಡೋಮ್ ಮನೆಗೇ ಬರುತ್ತಿತ್ತು ಎಂದು ನಿನ್ನವರಿಗೆ ಹೇಳು.

ಕಾರ್ಡ್ ಕೇಳಿ ಪಡೆದುಕೋ. ಅದರಲ್ಲಿ ಹಾಕಿದ ದಿನಾಂಕ ಮತ್ತು ಯಾವ ಕಾಪರ್ ಟಿ ಎಂದು ಬರೆಸಿಕೋ. ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಥರ ಇವೆ: 380 ಎಂದಿದ್ದರೆ ಹತ್ತು ವರ್ಷ, 375 ಎಂದಿದ್ದರೆ ಐದು ವರ್ಷ. ಯಾವಾಗ ಬೇಕಾದರೂ ತೆಗೆಸಬಹುದು. ಮುಂದಿನ ಮುಟ್ಟಾದ ಮೇಲೆ ಒಮ್ಮೆ ಹೋಗಿ ದಾರ ಇದೆಯೇ ಎಂದು ತೋರಿಸು. ಮೊದಲ 20 ದಿನಗಳಲ್ಲಿ ಜ್ವರ, ಕಿಬ್ಬೊಟ್ಟೆ ನೋವು, ವಾಸನೆಯ ಸ್ರಾವ ಕಂಡರೆ ಅವತ್ತೇ ಹೋಗು, ‘ವಂಕಿ ಹಾಕಿಸಿದ್ದೇನೆ’ ಎಂದು ಮೊದಲೇ ಹೇಳು.